ಮೊಲದ ಹಲ್ಲಿಗೆ ಅಂಚು ಸಿಗದ ನೆಲ

ಓದುಗರ ಪ್ರಶ್ನೆ: ಸಾಕುಪ್ರಾಣಿ ವಿಭಾಗ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಲದ ಗೂಡಿಗೆ ಏನು ಹಾಸಬೇಕು ಎಂದು ಕೇಳಿವೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಫ್ಲ್ಯಾಟಿನ ಒಂದು ಕೋಣೆಯನ್ನು ಎರಡು ಮೊಲಗಳಿಗೆ ಬಿಟ್ಟುಕೊಟ್ಟಿದ್ದೇವೆ. ನೆಲ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ಓಡುವಾಗ ಜಾರುತ್ತವೆಂದು ಮಕ್ಕಳು ಆಡುವ ಫೋಮ್ ಮ್ಯಾಟ್ ಜೋಡಿಸಿದೆವು. ಮೂರೇ ವಾರದಲ್ಲಿ ಅದರ ಅಂಚೆಲ್ಲ ಮಾಯ. ಕಡಿಯಲು ಆಗದಂಥ ಹಾಸು ಯಾವುದಾದರೂ ಇದೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಕಡಿಯಲಾಗದ ನೆಲ ನಿಮ್ಮ ಮನೆಯಲ್ಲಿ ಆಗಲೇ ಇದೆ. ವಿಟ್ರಿಫೈಡ್ ಟೈಲ್ಸಿಗೆ ಯಾವ ಮೊಲದ ಹಲ್ಲೂ ನಾಟದು. ನಿಮ್ಮ ತೊಂದರೆ ಹಿಡಿತದ್ದು. ಅದನ್ನು ಸರಿಮಾಡಲು ಹೋಗಿ ಹಲ್ಲಿಗೆ ಅಂಚು ಒದಗಿಸಿದಿರಿ, ಅಷ್ಟೇ.

ಮೊಲದ ನೆಲದ ವಿಚಾರದಲ್ಲಿ ಮೊದಲು ತಿಳಿಯಬೇಕಾದ್ದು ಇದು: ಮೊಲ ನೆಲವನ್ನು ಕಡಿಯುವುದಿಲ್ಲ, ಅಂಚನ್ನು ಕಡಿಯುತ್ತದೆ. ದೊಡ್ಡ ಹಪ್ಪಳವನ್ನು ನಡುವಿನಿಂದ ಕಚ್ಚಲು ನಮಗೂ ಆಗದು, ಅಂಚಿನಿಂದಲೇ ಶುರುಮಾಡಬೇಕು. ಮೊಲದ ಮುಂಬಲ್ಲುಗಳೂ ಹಾಗೆಯೇ. ಚಪ್ಪಟೆಯಾಗಿ ಹರಡಿದ ಮೇಲ್ಮೈ ಮೇಲೆ ಅವಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಒಂದು ಜೋಡಣೆ, ಒಂದು ಮಡಿಕೆ, ಮೇಲೆದ್ದ ಒಂದು ಮೂಲೆ ಸಿಕ್ಕರೆ ಸಾಕು, ಅಲ್ಲಿಂದ ಕೆಲಸ ಶುರು. ಬಿಡಿ ಫೋಮ್ ತುಂಡುಗಳಲ್ಲಿ ಪ್ರತಿ ಅಡಿಗೂ ಒಂದು ಜೋಡಣೆ, ಪ್ರತಿ ಜೋಡಣೆಗೂ ಒಂದಕ್ಕೊಂದು ಸಿಕ್ಕಿಸುವ ಹತ್ತು ಫೋಮ್ ಹಲ್ಲು. ಮೊಲಕ್ಕೆ ಇದಕ್ಕಿಂತ ಸುಗ್ಗಿ ಬೇಕೆ! ಮುಂಬಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತಲೇ ಇರುವುದರಿಂದ ಕಡಿಯುವ ಚಟ ಬಿಡಿಸುವ ಮಾತು ಬೇಡ. ಅದನ್ನು ಬೇರೆ ಕಡೆ ತಿರುಗಿಸಬೇಕು.

ಉಳಿದ ಫೋಮನ್ನು ಇವತ್ತೇ ತೆಗೆಯಿರಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ನುಂಗಿದ ಫೋಮ್ ಕೂದಲಿನೊಂದಿಗೆ ಸೇರಿ ಕರುಳಿಗೆ ಅಡ್ಡ ಕೂರಬಹುದು.

ಹಿಡಿತಕ್ಕೆ ಏನು ಮಾಡಬೇಕು? ನಾಯಿ ಬೆಕ್ಕಿಗಿರುವ ಮೆತ್ತನೆ ಅಂಗಾಲು ಮೊಲಕ್ಕಿಲ್ಲ. ಪಾದದ ಕೆಳಗೂ ಕೂದಲೇ. ಹೊಳಪು ಟೈಲ್ಸ್ ಮೇಲೆ ಅದರ ಓಟ, ಕಾಲುಚೀಲ ಹಾಕಿಕೊಂಡು ನಾವು ಓಡಿದ ಹಾಗೆ. ಬೆಳೆಯುವ ಮರಿಗಳ ಹಿಂಗಾಲು ಎರಡೂ ಕಡೆಗೆ ಸರಿದು ಉಳುಕುವುದೂ ಉಂಟು. ಒತ್ತಾಗಿ ನೇಯ್ದ ಹತ್ತಿ ಜಮಖಾನೆ ನಮ್ಮ ಮೊದಲ ಆಯ್ಕೆ. ಕೋಣೆಗಿಂತ ಚಿಕ್ಕದನ್ನು ನಡುವೆ ಹಾಸಬೇಡಿ. ಗೋಡೆಯಿಂದ ಗೋಡೆಗೆ ಬರುವಂಥದ್ದನ್ನು ತಂದು ನಾಲ್ಕೂ ಅಂಚನ್ನು ಮಂಚದ ಕಾಲು, ಕಪಾಟು, ಇಲ್ಲವೇ ಒಂದೂವರೆ ಇಂಚು ಅಗಲದ ಅಲ್ಯೂಮಿನಿಯಂ ಪಟ್ಟಿಯ ಕೆಳಗೆ ಸಿಕ್ಕಿಸಿ. ಕುಚ್ಚು ಇದ್ದರೆ ಕತ್ತರಿಸಿ, ಅಂಚು ಮಡಿಸಿ ಹೊಲಿಸಿ. ನವಲಗುಂದದ ಜಮಖಾನೆ ಇದ್ದರೆ ದಯವಿಟ್ಟು ಅದನ್ನು ಮಾತ್ರ ಹಾಸಬೇಡಿ. ಅದು ಮನುಷ್ಯರಿಗಿರಲಿ. ಟರ್ಕಿ ಟವೆಲ್, ಕುಣಿಕೆ ಕುಣಿಕೆಯಾಗಿ ನೇಯ್ದ ಕಾರ್ಪೆಟ್ ಬೇಡ. ಉಗುರು ಸಿಕ್ಕಿಕೊಂಡು ಕಿತ್ತುಬರುತ್ತದೆ. ನಿಮ್ಮ ಮೊಲ ಬಟ್ಟೆ ಕಡಿದು ಬಿಸಾಡುವುದಲ್ಲದೆ ನುಂಗುವ ಪೈಕಿಯಾದರೆ ಜಮಖಾನೆಯೂ ಬೇಡ.

ನುಂಗುವ ಮೊಲಕ್ಕೆ ತಿಂದರೂ ಹಾನಿಯಿಲ್ಲದ ಚಾಪೆ ಹಾಕಿ. ಈಚಲು ಗರಿಯ ಚಾಪೆ, ಕರಾವಳಿಯ ಮುಂಡುಗದ ಚಾಪೆ ಎರಡೂ ಗರಿಯಿಂದ ಗರಿಗೆ ಹೆಣೆದವು, ದಾರವೇ ಇಲ್ಲ. ಬಣ್ಣ ಹಾಕದ್ದನ್ನೇ ಕೊಳ್ಳಿ. ಹುಲ್ಲಿನ ಚಾಪೆಯಲ್ಲಿ ದಾರ ಇರುತ್ತದೆ. ಒಂದೆಳೆ ಎಳೆದು ಬೆಂಕಿಗೆ ಹಿಡಿಯಿರಿ. ಬೂದಿಯಾದರೆ ಹತ್ತಿ, ಕರಗಿ ಮಣಿಯಂತೆ ಗಟ್ಟಿಯಾದರೆ ನೈಲಾನ್, ಆ ಚಾಪೆ ಮೊಲಕ್ಕಲ್ಲ. ಇವು ಬಾಳಿಕೆ ಬರುವ ವಸ್ತುಗಳಲ್ಲ. ಒಂದೆರಡು ತಿಂಗಳಿಗೆ ತಿಂದು ಮುಗಿಸುತ್ತದೆ, ಮುಗಿಸಲಿ. ಬಾಳಿಕೆಗೆ ಕೆಳಗೆ ಟೈಲ್ಸ್ ಇದೆಯಲ್ಲ.

ಮೆಣಸಿನಪುಡಿ, ಬೇವಿನೆಣ್ಣೆ ಸವರುವ ಸಲಹೆ ಹಲವರು ಕೊಡುತ್ತಾರೆ. ಕಹಿಗೆ ಎಷ್ಟೋ ಮೊಲಗಳು ಜಗ್ಗುವುದಿಲ್ಲ. ಮೆಣಸಿನಪುಡಿ ಪಾದಕ್ಕಂಟಿ, ಮುಖ ಉಜ್ಜಿಕೊಳ್ಳುವಾಗ ಕಣ್ಣಿಗೆ ಹೋಗುತ್ತದೆ. ಅದರ ಬದಲು ಔಷಧಿ ಸಿಂಪಡಿಸದ ಹಿಪ್ಪುನೇರಳೆ ಕಡ್ಡಿ, ಸೀಬೆ ಕೊಂಬೆ ದಿನಾ ನಾಲ್ಕಾರು ಹಾಕಿ. ಒಣಹುಲ್ಲು ಹಗಲೂ ರಾತ್ರಿ ಮುಂದಿರಲಿ. ಹುಲ್ಲು ಖಾಲಿಯಾದ ರಾತ್ರಿಯೇ ಮ್ಯಾಟು ಖಾಲಿಯಾಗುವುದು.

ಪ್ರಶ್ನೆ: ಬಡಗಿಯಿಂದ 4 ಅಡಿ ಉದ್ದ, ಎರಡೂವರೆ ಅಡಿ ಅಗಲದ ಪ್ಲೈವುಡ್ ಗೂಡು ಮಾಡಿಸಿದ್ದೆ. ಒಂದು ಮಳೆಗಾಲಕ್ಕೇ ತಳ ಉಬ್ಬಿ ಪದರ ಬಿಟ್ಟಿದೆ, ವಾಸನೆ ಹೋಗುತ್ತಿಲ್ಲ. ಬಾಗಿಲ ಬಳಿಯ ಅಂಚನ್ನು ಅಂಗೈಯಷ್ಟು ತಿಂದುಹಾಕಿದೆ. ತಳ ಮಾತ್ರ ಬದಲಿಸಿದರೆ ಸಾಕೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಕು, ಆದರೆ ಬರೀ ಹೊಸ ಪ್ಲೈವುಡ್ ಹಾಕಿದರೆ ಮುಂದಿನ ಮಳೆಗಾಲಕ್ಕೂ ಇದೇ ಪತ್ರ ಬರೆಯುತ್ತೀರಿ. ಪ್ಲೈವುಡ್ ಹಾಳಾಗುವುದು ಮೇಲಿನಿಂದಲ್ಲ, ಕೊಯ್ದ ಬದಿಯಿಂದ. ಮೂತ್ರ ಆ ಬದಿಯಲ್ಲಿ ಪದರಗಳ ನಡುವೆ ಇಳಿಯುತ್ತದೆ. ಹಲ್ಲಿಗೆ ಸಿಗುವುದೂ ಅದೇ ಬದಿ.

ಮೊದಲು ಸುತ್ತಲಿನ ಗೋಡೆ ಹಲಗೆಗಳ ಕೆಳಭಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತುದಿ ಒಳಗಿಳಿದರೆ ಆ ಹಲಗೆಯನ್ನೂ ಬದಲಿಸಬೇಕು. ಗಟ್ಟಿಯಿದ್ದರೆ ವಿನೆಗರ್ ನೀರಿನಲ್ಲಿ ಒರೆಸಿ ಎರಡು ಮೂರು ದಿನ ಬಿಸಿಲಿಗಿಡಿ.

ತಳಕ್ಕೆ 12 ಮಿ.ಮೀ. ದಪ್ಪದ, ಐಎಸ್ 710 ಮುದ್ರೆಯಿರುವ ಮರೈನ್ ಪ್ಲೈ ತನ್ನಿ. ಕೊಯ್ದ ನಾಲ್ಕೂ ಬದಿಗೆ ಎರಡು ಕೋಟ್ ವಾರ್ನಿಷ್ ಕುಡಿಸಿ ಪೂರ್ತಿ ಒಣಗಲು ಬಿಡಿ. ಅದರ ಮೇಲೆ ಒಂದೇ ತುಂಡಿನ ವಿನೈಲ್ ಶೀಟ್. ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಹಿಂಬದಿಗೆ ಸ್ಪಂಜು ಅಥವಾ ಬಟ್ಟೆಯಂಥ ಪದರವಿರುವ ಅಗ್ಗದ ಶೀಟ್ ತರುವುದು. ಒಂದು ಹನಿ ಒಳಗಿಳಿದರೆ ಅದು ಒಣಗುವುದೇ ಇಲ್ಲ. ಒಂದೂವರೆ ಮಿ.ಮೀ. ದಪ್ಪದ, ಹಿಂದೆ ಮುಂದೆ ಗಟ್ಟಿ ಇರುವುದನ್ನು ಕೇಳಿ. ಎರಡನೆಯದು, ಶೀಟನ್ನು ತಳದ ಅಳತೆಗೇ ಕತ್ತರಿಸುವುದು. ಆಗ ಸುತ್ತಲೂ 13 ಅಡಿ ಅಂಚು ಮೊಲದ ಬಾಯಿ ಮಟ್ಟದಲ್ಲೇ ಉಳಿಯುತ್ತದೆ.

ಹಾಗಾಗಿ ನಾಲ್ಕೂ ಕಡೆ 4 ಇಂಚು ಗೋಡೆಗೆ ಏರುವಂತೆ ಕತ್ತರಿಸಬೇಕು. ನಿಮ್ಮ ಗೂಡಿಗೆ 56 ಇಂಚು ಉದ್ದ, 38 ಇಂಚು ಅಗಲ. ಐದು ಅಡಿಗೆ ಮೂರೂವರೆ ಅಡಿ ತುಂಡು ತಂದರೆ ಹೆಚ್ಚುಕಡಿಮೆಗೆ ಜಾಗವಿರುತ್ತದೆ. ಹಾಸುವ ಮೊದಲು ಅರ್ಧ ಗಂಟೆ ಬಿಸಿಲಿಗೆ ಹಾಕಿ, ಮೆತ್ತಗಾಗುತ್ತದೆ. ಮೂಲೆಗಳನ್ನು ಕತ್ತರಿಸಲೇಬೇಡಿ, ದೊನ್ನೆ ಮಡಿಸಿದ ಹಾಗೆ ಮಡಿಸಿ, ಮಡಿಕೆಯನ್ನು ಗೋಡೆಯ ಕಡೆಗೆ ತಳ್ಳಿ. ಕತ್ತರಿಸಿದ ಮೂಲೆ ಸೋರುತ್ತದೆ, ಹಲ್ಲಿಗೂ ಅಲ್ಲೇ ದಾರಿ ಸಿಗುತ್ತದೆ. ಮೂಲೆ ಒಲಿಯದಿದ್ದರೆ ಹೇರ್ ಡ್ರೈಯರ್ ಹಿಡಿಯಿರಿ.

ಏರಿಸಿದ ಶೀಟಿನ ಮೇಲಂಚನ್ನು ಹಿಂದೆ ಮತ್ತು ಎರಡು ಪಕ್ಕದಲ್ಲಿ ಒಂದಿಂಚು ಅಗಲ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿಯಿಂದ ಒತ್ತಿ. ಒಟ್ಟು 9 ಅಡಿ ಪಟ್ಟಿ. 4 ಇಂಚಿಗೊಂದು ಅರ್ಧ ಇಂಚಿನ ಸ್ಟೀಲ್ ಸ್ಕ್ರೂ. ಗೋಡೆಯೂ 12 ಮಿ.ಮೀ. ಆಗಿದ್ದರೆ ಇದಕ್ಕಿಂತ ಉದ್ದದ ಸ್ಕ್ರೂ ಹೊರಗೆ ಚುಚ್ಚಿಕೊಳ್ಳುತ್ತದೆ. ಮುಂದೆ ಬಾಗಿಲಲ್ಲಿ 4 ಇಂಚು ಎತ್ತರದ ಹೊಸ್ತಿಲು ಕೂರಿಸಿ, ಶೀಟನ್ನು ಅದರ ನೆತ್ತಿಯವರೆಗೂ ತಂದು, ಮೇಲೆ ಒಂದಿಂಚಿನ ಅಲ್ಯೂಮಿನಿಯಂ ಎಲ್-ಆಂಗಲ್ 4 ಅಡಿ ಹೊದಿಸಿ. ಮೊಲ ಅತಿ ಹೆಚ್ಚು ಕಡಿಯುವ ಜಾಗ ಹೊಸ್ತಿಲೇ, ಏಕೆಂದರೆ ಹೊರಗೆ ಬರುವ ದಾರಿ ಅದು. ಪಟ್ಟಿ, ಆಂಗಲ್ ಸಾಮಾನ್ಯವಾಗಿ 12 ಅಡಿ ಉದ್ದದಲ್ಲಿ ಬರುತ್ತವೆ, ತುಂಡಾಗಿ ಕೊಡುವ ಅಂಗಡಿ ಹುಡುಕಿ. ಕೊಯ್ದ ತುದಿಗಳನ್ನು ಅರದಿಂದ ನಯಮಾಡದೆ ಬಿಡಬೇಡಿ.

ಸಿಲಿಕೋನ್ ಹಾಕುವುದಾದರೆ ಪಟ್ಟಿಯ ಒಳಗೆ ಮಾತ್ರ. ಹೊರಗೆ ಕಾಣುವ ಸಿಲಿಕೋನ್ ಗೆರೆಯನ್ನು ಮೊಲ ಎಳೆದು ತಿನ್ನುತ್ತದೆ. ಹಾಕಿದ ಮೇಲೆ ಎರಡು ದಿನ ಗೂಡು ಖಾಲಿ ಇರಲಿ. ಕೊನೆಗೆ ವಿನೈಲ್ ಮೇಲೆ ಮಲಗುವ ಕಡೆಗೊಂದು ಈಚಲು ಚಾಪೆ ಹಾಕಿ. ಬರೀ ವಿನೈಲ್ ಒದ್ದೆಯಾದರೆ ಜಾರುತ್ತದೆ.

ಕಡಪ ಕಲ್ಲು ಹಾಕಿಸಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. 20 ಮಿ.ಮೀ. ದಪ್ಪದ್ದು ಚದರಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ, ನಿಮ್ಮ 10 ಚದರಡಿಗೆ 50 ಕೆ.ಜಿ. ಗೂಡಿನ ಕಾಲು ತಡೆಯಬೇಕಲ್ಲ! ಅದೂ ಅಲ್ಲದೆ ಕಡಪಕ್ಕೆ ಇನ್ನೊಂದು ಕಾಯಿಲೆಯಿದೆ. ಮುಂದಿನ ಉತ್ತರ ಓದಿ.

ಪ್ರಶ್ನೆ: ನಮ್ಮದು ಶಹಾಬಾದ್ ಪರ್ಸಿ ಹಾಸಿದ ಹಳೇ ಮನೆ. ಬೇಸಗೆಯಲ್ಲಿ ತಂಪೆಂದು ಮೊಲವನ್ನು ಪಡಸಾಲೆಯಲ್ಲೇ ಬಿಟ್ಟಿದ್ದೇವೆ. ಮೂತ್ರದ ಬಿಳಿ ಕಲೆ ತೆಗೆಯಲು ವಿನೆಗರ್ ಹಾಕಿದೆ. ಕಲೆ ಹೋಯಿತು, ಕಲ್ಲಿನ ಮೇಲೆ ಮಾಸಲು ಗುರುತು ಉಳಿಯಿತು. ಕೆಲವು ಸಲ ಮೂತ್ರ ಕೆಂಪಗೂ ಇರುತ್ತದೆ. ರಕ್ತವೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಮೊಲ ತಿಂದ ಸುಣ್ಣದಂಶದಲ್ಲಿ ಬೇಡವಾದ್ದೆಲ್ಲ ಮೂತ್ರದಲ್ಲಿ ಹೊರಬರುತ್ತದೆ. ಒಣಗಿದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಬಿಳಿ ಹಕ್ಕಳೆ. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ವಿನೆಗರಿಗೆ ಕಲೆ ಯಾವುದು ಕಲ್ಲು ಯಾವುದು ಗೊತ್ತಾಗದು, ಎರಡನ್ನೂ ಕರಗಿಸುತ್ತದೆ. ಕಡಪ, ಅಮೃತಶಿಲೆಗೂ ಇದೇ ಗತಿ. ರೆಡ್ ಆಕ್ಸೈಡ್ ನೆಲದ ಸಿಮೆಂಟೂ ಆಮ್ಲಕ್ಕೆ ಸವೆಯುತ್ತದೆ. ನಿಂಬೆಹಣ್ಣು, ಹುಣಸೆಹುಳಿಯೂ ಆಮ್ಲವೇ, ಅವನ್ನೂ ದೂರವಿಡಿ. ಯಾವ ಕಲ್ಲೆಂದು ಅನುಮಾನವಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷ ಬಿಟ್ಟು ಒರೆಸಿ. ಹೊಳಪು ಸತ್ತಿದ್ದರೆ ಸುಣ್ಣದ ಕಲ್ಲು.

ಪರ್ಸಿ ಮೇಲೆ ಹಸಿ ಮೂತ್ರವನ್ನು ಆಗಿಂದಾಗ್ಗೆ ಒರೆಸುವುದೇ ಸುಲಭ. ಒಣಗಿದ ಹಕ್ಕಳೆಗೆ ಬಿಸಿನೀರಿನಲ್ಲಿ ಅದ್ದಿದ ದಪ್ಪ ಬಟ್ಟೆಯನ್ನು ಅರ್ಧ ಗಂಟೆ ಹೊದಿಸಿ, ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು, ಸೋಪುನೀರಿನಿಂದ ತೊಳೆಯಿರಿ. ಆಗಲೇ ಮಾಸಿದ ಜಾಗವನ್ನು 220, ಆಮೇಲೆ 400 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿದರೆ ಗುರುತು ಬಹಳಷ್ಟು ಬೆರೆತುಹೋಗುತ್ತದೆ. ಮೊಲಕ್ಕೆ ಒಂದೇ ಮೂಲೆಯಲ್ಲಿ ಮೂತ್ರ ಮಾಡುವ ಅಭ್ಯಾಸವಿರುತ್ತದೆ. ಆ ಮೂಲೆಗೇ ಒಂದು ಪ್ಲಾಸ್ಟಿಕ್ ಟ್ರೇ ಇಟ್ಟು, ಕೆಳಗೆ ನಾಲ್ಕು ಪದರ ನ್ಯೂಸ್‌ಪೇಪರ್, ಮೇಲೆ ಒಣಹುಲ್ಲು ಹಾಕಿ. ಬೆಕ್ಕಿಗೆ ಮಾರುವ, ನೀರು ತಾಗಿದರೆ ಗಡ್ಡೆಕಟ್ಟುವ ಮಣ್ಣು ಬೇಡ; ತಿಂದರೆ ಹೊಟ್ಟೆಯಲ್ಲೂ ಗಡ್ಡೆಕಟ್ಟುತ್ತದೆ.

ಬಿಳಿ ಕಲೆ ವಿಪರೀತವಾಗಿದ್ದರೆ ಮೇವನ್ನೂ ನೋಡಿ. ಕುದುರೆ ಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಬೆಳೆದ ಮೊಲಕ್ಕೆ ಅದನ್ನೇ ದಿನವಿಡೀ ಕೊಟ್ಟರೆ ಮೂತ್ರ ಮಜ್ಜಿಗೆಯಂತಾಗುತ್ತದೆ. ಕೆಂಪು ಬಣ್ಣ ಹೆಚ್ಚಿನ ಸಲ ಸೊಪ್ಪಿನ ಬಣ್ಣದ್ದು, ಒಂದೆರಡು ದಿನದಲ್ಲಿ ಹೋಗುತ್ತದೆ. ಒಂದೇ ಸಮನೆ ಕೆಂಪಾಗಿರದೆ ಅಲ್ಲಲ್ಲಿ ರಕ್ತದ ಎಳೆ ಕಂಡರೆ, ಮೂತ್ರಕ್ಕೆ ತಿಣುಕುತ್ತಿದ್ದರೆ ವೈದ್ಯರಿಗೆ ತೋರಿಸಿ.

ಬ್ಲೀಚಿಂಗ್ ಪೌಡರ್ ಬಗ್ಗೆ ಒಂದು ಎಚ್ಚರಿಕೆ. ಮೂತ್ರದ ಅಮೋನಿಯಾ ಮೇಲೆ ಬ್ಲೀಚ್ ಸುರಿದರೆ ಕ್ಲೋರಮಿನ್ ಅನಿಲ, ವಿನೆಗರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮೊಲಕ್ಕಷ್ಟೇ ಅಲ್ಲ, ನಿಮಗೂ ಕೆಟ್ಟದ್ದು. ಕಪ್ಪು ಫಿನಾಯಿಲ್ ಕೂಡ ಬೇಡ. ನೆಲದಿಂದ ಪಾದಕ್ಕೆ, ಪಾದದಿಂದ ಬಾಯಿಗೆ ಹೋಗುತ್ತದೆ.

ಹೊಸದಾಗಿ ಕಲ್ಲು ಹಾಕುವವರಿಗೆ ಗ್ರಾನೈಟ್ ಮೇಲು. ವಿನೆಗರಿಗೆ ಅಂಜುವುದಿಲ್ಲ, ಅರ್ಧ ನೀರು ಅರ್ಧ ವಿನೆಗರ್ ಹಾಕಿ ಹದಿನೈದು ನಿಮಿಷ ಬಿಟ್ಟರೆ ಹಕ್ಕಳೆ ಎದ್ದುಬರುತ್ತದೆ. ಅಡುಗೆಮನೆ ಕಟ್ಟೆಗೆ ಕೊಯ್ದುಳಿದ ತುಂಡುಗಳು ಕಲ್ಲಿನ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತವೆ. ಪಾಲಿಶ್ ಮುಖ ಜಾರುತ್ತದೆ, ತಿರುಗಿಸಿ ಹಾಕಿ. ಗರಗಸದಿಂದ ಕೊಯ್ದ ಹಿಂಬದಿಯ ತರಿ ಮೊಲದ ಪಾದಕ್ಕೆ ಹದವಾಗಿರುತ್ತದೆ. ಟೈಲ್ಸ್ ಆದರೆ ಬಚ್ಚಲಿಗೆ ಬಳಸುವ ಮ್ಯಾಟ್ ಫಿನಿಶಿನದು. ಸಂದಿಗೆ ಸಿಮೆಂಟ್ ಬದಲು ಎಪಾಕ್ಸಿ ಗ್ರೌಟ್. ಪಾರ್ಕಿಂಗ್ ಟೈಲ್ಸ್ ತೀರ ಒರಟು, ಪಾದದ ಕೂದಲು ಸವೆಸುತ್ತದೆ.

ಪ್ರಶ್ನೆ: ತಂತಿ ತಳದ ಪಂಜರವನ್ನೇ ಅಂಗಡಿಯವರು ಕೊಟ್ಟರು. ಹಿಕ್ಕೆ ಕೆಳಗೆ ಬೀಳುತ್ತದೆ, ಕಡಿಯಲೂ ಆಗದು, ಇದೇ ಒಳ್ಳೆಯದು ಎಂದರು. ಈಗ ಹಿಂಗಾಲಿನ ಹಿಮ್ಮಡಿಯಲ್ಲಿ ಕೂದಲು ಉದುರಿ ಕೆಂಪಾಗಿದೆ. ಅರಿಶಿನ ಹಚ್ಚಬಹುದೇ?
— ಓದುಗರೊಬ್ಬರು, ತುಮಕೂರು

ಉತ್ತರ: ಅಂಗಡಿಯವರು ಹೇಳಿದ್ದು ಗುಡಿಸುವವರ ಅನುಕೂಲ, ಮೊಲದ್ದಲ್ಲ. ಮೂರ್ನಾಲ್ಕು ಕೆ.ಜಿ. ಭಾರ ತೆಳು ತಂತಿಗಳ ಮೇಲೆ ನಿಂತರೆ ಹಿಮ್ಮಡಿಯ ಚರ್ಮ ಒತ್ತಿ, ರಕ್ತ ಹರಿಯದೆ ಹುಣ್ಣಾಗುತ್ತದೆ. ಪಾದದ ಕೂದಲು ತೆಳುವಾಗಿರುವ ರೆಕ್ಸ್ ತಳಿಗೆ, ದಪ್ಪ ಮೊಲಕ್ಕೆ, ಉಗುರು ಕತ್ತರಿಸದ ಮೊಲಕ್ಕೆ ಬೇಗ ಬರುತ್ತದೆ. ಉದ್ದ ಉಗುರು ಬೆರಳನ್ನು ಮೇಲೆತ್ತಿ ಭಾರವನ್ನೆಲ್ಲ ಹಿಮ್ಮಡಿಗೆ ತಳ್ಳುವುದೇ ಕಾರಣ.

ಹಿಮ್ಮಡಿಯಲ್ಲಿ ಕೂದಲಿಲ್ಲದ ಸಣ್ಣ ಒಣ ಚುಕ್ಕೆ ಎಷ್ಟೋ ಮೊಲಗಳಿಗೆ ಸಹಜ. ಕೆಂಪು, ಊತ, ಹಕ್ಕಳೆ, ಒಸರು ಇದ್ದರೆ ಸಹಜವಲ್ಲ, ಸೋಂಕು ಮೂಳೆಗಿಳಿಯಬಹುದು. ಅರಿಶಿನ, ಎಣ್ಣೆ ಹಚ್ಚಬೇಡಿ. ಮೊಲ ನೆಕ್ಕುತ್ತದೆ, ಎಣ್ಣೆಗೆ ಕೊಳೆ ಅಂಟುತ್ತದೆ. ವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ತಂತಿಯ ಮೇಲೆ ಪಂಜರದ ಅಳತೆಗೆ ಸರಿಯಾಗಿ ಕೊಯ್ಸಿದ ಹಲಗೆ ಅಥವಾ ಟೈಲ್ಸ್ ಇಟ್ಟು ದಪ್ಪಗೆ ಒಣಹುಲ್ಲು ಹಾಸಿ, ಒದ್ದೆಯಾದ ಹುಲ್ಲನ್ನು ದಿನಕ್ಕೆರಡು ಸಲ ತೆಗೆಯಿರಿ. ಗೋಣಿಚೀಲ ಹಾಸಬೇಡಿ, ಎಳೆ ಬಿಟ್ಟು ಉಗುರಿಗೆ ಸುತ್ತಿಕೊಳ್ಳುತ್ತದೆ. ತಂತಿ ಕಡಿಯಲಾಗದು ಎಂಬ ಮಾತೂ ಅರ್ಧ ಸತ್ಯ. ಮೊಲ ಅದನ್ನೂ ಕಚ್ಚಿ ಎಳೆಯುತ್ತದೆ; ಹಲ್ಲು ಮುರಿಯುವುದುಂಟು, ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿಯ ಸತು ಹೊಟ್ಟೆ ಸೇರುವುದೂ ಉಂಟು.

ಪ್ರಶ್ನೆ: ಹಿತ್ತಲಲ್ಲಿ 10 ಅಡಿ ಉದ್ದ, 6 ಅಡಿ ಅಗಲದ ಜಾಲರಿ ಆವರಣ ಮಾಡಿ ಮೊಲ ಬಿಟ್ಟಿದ್ದೇವೆ. ಎರಡು ಸಲ ನೆಲ ಕೊರೆದು ಆಚೆ ಹೋಗಿತ್ತು. ಹೆಗ್ಗಣವೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಕೆಳಗೂ ಜಾಲರಿ ಹಾಕಬೇಕೇ, ಕಾಂಕ್ರೀಟೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲೇ ಮಲಗುತ್ತದೆ. ಮನೆಯಲ್ಲಿ ಸಾಕುವುದು ಯುರೋಪಿನ ಬಿಲಮೊಲದ ಸಂತತಿ. ತೋಡುವುದು ಅದರ ಹುಟ್ಟುಗುಣ. ಹಾಗಾಗಿ ತೋಡದಂತೆ ತಡೆಯುವುದಕ್ಕಿಂತ, ತೋಡಿದರೂ ಆಚೆ ಹೋಗದಂತೆ ಮಾಡುವುದು ಸರಿ.

ಜಾಲರಿ ದಾರಿ: ಆವರಣದೊಳಗೆ ಒಂದಡಿ ಮಣ್ಣು ತೆಗೆದು, ಅರ್ಧ ಇಂಚು ಚೌಕದ, 16 ಗೇಜಿನ ವೆಲ್ಡ್ ಮೆಶ್ ಹಾಸಿ. ಕೋಳಿಗೂಡಿನ ಆರುಮೂಲೆ ಬಲೆ ಬೇಡ, ಮೊಲವೇ ಕಡಿಯುತ್ತದೆ, ಹೆಗ್ಗಣದ ಮಾತು ಹೇಳಬೇಕೇ? 4 ಅಡಿ ಅಗಲದ ರೋಲಿನಲ್ಲಿ 12 ಅಡಿಯ ಎರಡು ತುಂಡು, ಒಟ್ಟು 24 ಅಡಿ ಬೇಕು. ನಡುವೆ 4 ಇಂಚು ಒಂದರ ಮೇಲೊಂದು ಬರುವಂತೆ ಹಾಸಿದರೆ ಎರಡೂ ಪಕ್ಕದಲ್ಲಿ 10 ಇಂಚು ಮೇಲೆ ಮಡಿಸಲು ಉಳಿಯುತ್ತದೆ. ಆ ಮಡಿಕೆಯನ್ನು ಸುತ್ತಲಿನ ಬೇಲಿಯ ಬುಡಕ್ಕೆ 4 ಇಂಚಿಗೊಂದು ತಂತಿಯಿಂದ ಕಟ್ಟಿ. ಬೇಲಿ ನೆಲದ ಮೇಲೇ ನಿಂತಿದ್ದರೆ ಅದನ್ನೂ ಒಂದಡಿ ಕೆಳಗಿಳಿಸಬೇಕು. ಮೇಲೆ ಮಣ್ಣು ತುಂಬಿ ದಮ್ಮಸ್ಸು ಮಾಡಿ. ಆಗಾಗ ತೋಡಿದ ಗುಂಡಿ ಮುಚ್ಚುತ್ತಿರಿ. ಜಾಲರಿ ತೆರೆದುಕೊಂಡರೆ ಉಗುರು ಸಿಕ್ಕುತ್ತದೆ. ಕರಾವಳಿಯ ತೇವಕ್ಕೆ ಜಿಐ ತುಕ್ಕು ಹಿಡಿಯುವುದು ಖಂಡಿತ. ಪ್ರತಿ ವರ್ಷ ಮೇ ತಿಂಗಳಲ್ಲಿ ಎರಡು ಮೂರು ಕಡೆ ಅಗೆದು ನೋಡಬೇಕು. ಅರ್ಧ ಇಂಚಿನ ಕಣ್ಣಲ್ಲಿ ಹೆಗ್ಗಣ ನುಗ್ಗದು, ಸಣ್ಣ ಹಾವಿನ ಮರಿ ನುಗ್ಗಬಹುದು.

ಇಷ್ಟೆಲ್ಲ ಕೇಳಿದ ಮೇಲೆ ಕಾಂಕ್ರೀಟೇ ವಾಸಿ ಅನಿಸಿದರೆ ನಮ್ಮ ಒಲವೂ ಅತ್ತಲೇ. ಆಟಿಯ ಮಳೆಯಲ್ಲಿ ಮಣ್ಣಿನ ನೆಲ ಕೆಸರಾಗಿ, ಒದ್ದೆ ಕೂದಲಿಗೆ ನೊಣ ಮೊಟ್ಟೆಯಿಟ್ಟು ಹುಳುವಾಗುವುದು ಮೊಲಕ್ಕೆ ಪ್ರಾಣಾಂತಿಕ. 60 ಚದರಡಿಗೆ 3 ಇಂಚು ದಪ್ಪವೆಂದರೆ 15 ಘನ ಅಡಿ ಕಾಂಕ್ರೀಟ್. 1:2:4 ಮಿಶ್ರಣಕ್ಕೆ ಸಿಮೆಂಟ್ 3 ಚೀಲ, ಮರಳು 7 ಘನ ಅಡಿ, 20 ಮಿ.ಮೀ. ಜಲ್ಲಿ 13–14 ಘನ ಅಡಿ. ಉದ್ದದ 10 ಅಡಿಗೆ ಎರಡೂವರೆ ಇಂಚು ಇಳಿಜಾರು ಕೊಡಿ. ನೀರು ಹೊರಹೋಗುವ ತೂತಿಗೆ ಅರ್ಧ ಇಂಚಿನ ಜಾಲರಿ. ಮೇಲ್ಮೈಯನ್ನು ಪೊರಕೆಯಿಂದ ಗೀರಬೇಡಿ, ಕರಣೆಯಲ್ಲಿ ನಯ ಮಾಡಿಸಿ. ಏಳು ದಿನ ಮೇಲೆ ನೀರು ನಿಂತಿರುವಂತೆ ನೋಡಿಕೊಂಡು, ಆಮೇಲೆ ಚೆನ್ನಾಗಿ ತೊಳೆದು, ಮೂರು ವಾರ ಕಳೆದ ಮೇಲೆ ಮೊಲ ಬಿಡಿ. ಹೊಸ ಸಿಮೆಂಟಿನ ಕ್ಷಾರ ಪಾದ ಸುಡುತ್ತದೆ. ಅರ್ಧ ಭಾಗಕ್ಕಾದರೂ ಮಾಡು, ಮಲಗುವಲ್ಲಿ ಎತ್ತರದ ಹಲಗೆ, ಮೇಲೆ ಮುಂಡುಗದ ಚಾಪೆ ಇರಲಿ. ತೋಡುವ ಆಸೆಗೆ 3 ಅಡಿ ಉದ್ದ, 2 ಅಡಿ ಅಗಲ, ಒಂದಡಿ ಆಳದ ತೊಟ್ಟಿಯಲ್ಲಿ ಮಣ್ಣು ತುಂಬಿಡಿ. ಅದಿಲ್ಲದಿದ್ದರೆ ಚಾಪೆಯನ್ನೇ ತೋಡುತ್ತದೆ.

ಪ್ರಶ್ನೆ: ವಿನೈಲ್ ಶೀಟಿನ ಒಂದು ಮೂಲೆ, ಎರಡು ಬೆರಳಿನಷ್ಟು, ಕಾಣುತ್ತಿಲ್ಲ. ಮೊಲ ನುಂಗಿದೆಯೇ ಎಂದು ತಿಳಿಯುವುದು ಹೇಗೆ? ಹರಳೆಣ್ಣೆ ಕೊಡಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹರಳೆಣ್ಣೆ ಬೇಡವೇ ಬೇಡ. ಮೊದಲು ಸುತ್ತ ಹುಡುಕಿ. ಹೆಚ್ಚಿನ ಮೊಲಗಳು ಪ್ಲಾಸ್ಟಿಕ್ ಕಡಿದು ಚೂರು ಮಾಡಿ ಬಿಡುತ್ತವೆ. ಚೂರುಗಳನ್ನು ಹರಿದ ಜಾಗಕ್ಕೆ ಜೋಡಿಸಿ ಎಷ್ಟು ಕಾಣೆಯಾಗಿದೆ ನೋಡಿ. ಟ್ರೇ ಗುಡಿಸಿ, ಹೊಸ ಹಿಕ್ಕೆ ಬೀಳುತ್ತಿದೆಯೇ, ಗಾತ್ರ ಎಂದಿನಂತಿದೆಯೇ ಗಮನಿಸಿ. ಹುಲ್ಲು, ನೀರು ಧಾರಾಳ ಇರಲಿ. ತಿನ್ನುವುದು ಬಿಟ್ಟರೆ, ಹಿಕ್ಕೆ ನಿಂತರೆ, ಮುದುರಿ ಕೂತು ಹಲ್ಲು ಕಡಿದರೆ, ಹೊಟ್ಟೆ ಬಿಗಿದಿದ್ದರೆ ಬೆಳಗಾಗಲೆಂದು ಕಾಯಬೇಡಿ. ಹನ್ನೆರಡು ಗಂಟೆ ತಿನ್ನದ ಮೊಲ ತುರ್ತುಸ್ಥಿತಿಯಲ್ಲಿದೆ ಎಂದೇ ಲೆಕ್ಕ. ಅಡಚಣೆಯ ಅನುಮಾನವಿದ್ದಾಗ ಸಿರಿಂಜಿನಲ್ಲಿ ಬಲವಂತವಾಗಿ ಉಣಿಸಿದರೆ ಹೊಟ್ಟೆ ಇನ್ನಷ್ಟು ಉಬ್ಬುತ್ತದೆ. ವೈದ್ಯರಲ್ಲಿಗೆ ಹೋಗುವಾಗ ಶೀಟಿನ ತುಂಡೊಂದನ್ನು ಒಯ್ಯಿರಿ. ಮೊಲ ನೋಡಿ ರೂಢಿಯಿರುವ ವೈದ್ಯರು ಎಲ್ಲ ಊರಲ್ಲೂ ಇರುವುದಿಲ್ಲ. ಈಗಲೇ ಫೋನು ಮಾಡಿ ವಿಚಾರಿಸಿಟ್ಟುಕೊಳ್ಳಿ.

ಪ್ರಶ್ನೆ: ಬಾಡಿಗೆ ಮನೆ, ಗೋಡೆಯಿಂದ ಗೋಡೆಗೆ ಕಾರ್ಪೆಟ್. ಮೊಲ ಮೂಲೆ ಕಿತ್ತರೆ ಮನೆ ಬಿಡುವಾಗ ಠೇವಣಿಗೆ ಕತ್ತರಿ. ಏನು ಮಾಡಲಿ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಬಿಡಿ ಕಂಬಿಗಳ ಮಡಿಸುವ ಬೇಲಿ ತಂದು, ಅದಕ್ಕಿಂತ ಸುತ್ತಲೂ ಆರಿಂಚು ದೊಡ್ಡದಾದ ಒಂದೇ ತುಂಡಿನ ವಿನೈಲ್ ಹಾಸಿನ ಮೇಲೆ ಬೇಲಿ ನಿಲ್ಲಿಸಿ. ಅಂಚು ಬೇಲಿಯ ಆಚೆ ಉಳಿಯಿತು, ಹಲ್ಲು ಈಚೆ ಉಳಿಯಿತು. ಅಂಗಡಿಗಳಲ್ಲಿ ರೋಲಿನ ಕೊನೆಯ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ವಿನೈಲ್ ಮೇಲೆ ಹಿಡಿತಕ್ಕೆ ಬಣ್ಣವಿಲ್ಲದ ಹುಲ್ಲುಚಾಪೆ. ಮೇಲೆ ಹೇಳಿದ ದಾರದ ಪರೀಕ್ಷೆ ಅಲ್ಲಿಗೂ ಸಲ್ಲುತ್ತದೆ. ಎರಡು ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕೆಂಬುದು ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆಯ ಅಳತೆ. ಅಷ್ಟು ದೊಡ್ಡ ವಿನೈಲ್ ತರುವಾಗ ಮಡಿಸಬೇಡಿ, ಸುತ್ತಿಯೇ ತನ್ನಿ. ಮಡಿಸಿದ ಗೆರೆ ಎದ್ದು ನಿಲ್ಲುತ್ತದೆ, ಎದ್ದದ್ದು ಹಲ್ಲಿಗೆ ಸಿಗುತ್ತದೆ.

ಪ್ರಶ್ನೆ: ಕೊಟ್ಟಿಗೆಗೆ ತಂದ ರಬ್ಬರ್ ಕೌ ಮ್ಯಾಟ್ ಒಂದು ಉಳಿದಿದೆ. ಮೊಲಕ್ಕೆ ಹಾಸಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಹಿಡಿತಕ್ಕೆ ಬಲು ಚೆನ್ನ, ಭಾರವಿರುವುದರಿಂದ ಮೊಲ ಎತ್ತಲೂ ಆಗದು. ಹೊಸ ಮ್ಯಾಟಿನ ವಾಸನೆ ಹೋಗುವವರೆಗೆ ತೊಳೆದು ಹೊರಗೆ ಒಣಗಿಸಿ. ಅಂಚು ನಾಲ್ಕೂ ಕಡೆ ಗೋಡೆಗೆ ಒತ್ತಿಕೊಂಡಿರಲಿ, ಸಂದಿ ಉಳಿದ ಕಡೆ ಇಟ್ಟಿಗೆ ಜೋಡಿಸಿ. ತಿಂಗಳಿಗೊಮ್ಮೆ ಎತ್ತಿ ಕೆಳಗೆ ತೊಳೆಯಬೇಕು, ಇಬ್ಬರು ಬೇಕಾಗುತ್ತದೆ. ಅಂಚಿನಲ್ಲಿ ಹಲ್ಲಿನ ಗುರುತು ಕಂಡ ದಿನ ವಾಪಸು ಕೊಟ್ಟಿಗೆಗೆ.

ಪ್ರಶ್ನೆ: ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹುಲ್ಲುಹಾಸು ಇದೆ. ಮೊಲಕ್ಕೆ ಇಷ್ಟವಾದಂತಿದೆ, ಅದರ ಮೇಲೇ ಇರುತ್ತದೆ. ಇರಲಿ ಬಿಡಿ ಎನ್ನುತ್ತಾರೆ ಮನೆಯವರು.
— ಓದುಗರೊಬ್ಬರು, ಮೈಸೂರು

ಉತ್ತರ: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದ ಕಷ್ಟ. ಆದರೂ ತೆಗೆಸಿ. ಇಲ್ಲಿಯವರೆಗೆ ಹೇಳಿದ ಹಾಸುಗಳಿಗೆ ನಾಲ್ಕು ಅಂಚಾದರೆ ಇದಕ್ಕೆ ಲಕ್ಷ ಅಂಚು. ಒಂದೊಂದು ಎಸಳೂ ಹುಲ್ಲಿನಂತೆಯೇ ಬಾಯಿಗೆ ಬರುತ್ತದೆ, ಹುಲ್ಲಿನಂತೆ ಕರಗುವುದಿಲ್ಲ. ಮೂತ್ರವೂ ಬುಡದಲ್ಲೇ ನಿಲ್ಲುತ್ತದೆ. ಇಷ್ಟಪಡುತ್ತಿರುವುದು ಹಿಡಿತವನ್ನು, ಅಲ್ಲೇ ಒಂದು ಈಚಲು ಚಾಪೆ ಹಾಕಿ ನೋಡಿ, ಒಂದು ವಾರದಲ್ಲಿ ಅದರ ಮೇಲೆ ಮಲಗುತ್ತದೆ, ಇಲ್ಲವೇ ತಿಂದಿರುತ್ತದೆ.